ಮೊದಲ ಸಂಬಳ ಯಾವ ಕೆಲಸಕ್ಕೆ?

ಬೆಂಗಳೂರಿನಲ್ಲಿ ನಡೆಯುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಮ್ಮೇಳನಗಳಿಗೆ ಭಾಷಣಕಾರರ ಪರಿಚಯ ಬರೆದುಕೊಡುವ ಕೆಲಸ ಬಹಳ ಕಾಲ ನನ್ನ ಪಾಲಿಗಿತ್ತು. ಸಂಘಟನಾ ಸಮಿತಿಯಲ್ಲಿ ಯಾರಿಗೂ ಬೇಡವಾದ ಕೆಲಸ ಅದು. ಹಣಕಾಸು ನೋಡುವವರಿಗೆ ಪ್ರಾಯೋಜಕರ ಸಲಿಗೆ ಸಿಗುತ್ತಿತ್ತು, ವೇದಿಕೆ ನೋಡುವವರು ಫೋಟೋದಲ್ಲಿ ಬರುತ್ತಿದ್ದರು, ಊಟದ ಉಸ್ತುವಾರಿ ಹೊತ್ತವರನ್ನು ಎಲ್ಲರೂ ಪ್ರೀತಿಯಿಂದ ಮಾತಾಡಿಸುತ್ತಿದ್ದರು. ನನ್ನ ಮೇಜಿಗೆ ಬರುತ್ತಿದ್ದುದು ಭಾಷಣಕಾರರ ಸೆಕ್ರೆಟರಿಗಳು ಕಳಿಸಿದ ಎರಡು ಪುಟದ ಸ್ವವಿವರ. ಅದನ್ನು ಕೈಪಿಡಿಯ ಅರ್ಧ ಪುಟಕ್ಕೆ ಇಳಿಸಬೇಕು, ವೇದಿಕೆಯಲ್ಲಿ ಓದುವುದಕ್ಕೆ ಅದಕ್ಕಿಂತಲೂ ಚಿಕ್ಕದು ಮಾಡಬೇಕು.

ಆ ಸ್ವವಿವರಗಳನ್ನು ಒಟ್ಟಿಗೆ ಓದಿದವರಿಗೆ ಎಲ್ಲ ಭಾಷಣಕಾರರೂ ಒಂದೇ ತಾಯಿಯ ಮಕ್ಕಳು ಎನಿಸಬೇಕು. ಎಲ್ಲರಿಗೂ 25 ವರ್ಷಕ್ಕೆ ಮೇಲ್ಪಟ್ಟ ‘ಸಮೃದ್ಧ ಅನುಭವ’. ಎಲ್ಲರೂ ಹಲವು ದೇಶಗಳಲ್ಲಿ ಹಲವು ಕೋಟಿಗಳ ಯೋಜನೆ ನಡೆಸಿದವರು, ಎಲ್ಲರೂ ‘ಜನರನ್ನು ಕಟ್ಟುವುದರಲ್ಲಿ’ ಆಸಕ್ತರು. ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ಪಿಎಂಪಿ, ಎಂಬಿಎ, ಇನ್ನೂ ಮೂರ್ನಾಲ್ಕು ಅಕ್ಷರಗುಚ್ಛ. ಒಂದು ವರ್ಷ ಬೇಸರಕ್ಕೆ ಇಬ್ಬರ ಹೆಸರು ಅದಲುಬದಲು ಮಾಡಿ ಸಮಿತಿಯ ಹಿರಿಯರಿಗೆ ತೋರಿಸಿದೆ. ಅವರು ಓದಿ, ‘ಚೆನ್ನಾಗಿದೆಯಮ್ಮ’ ಎಂದು ವಾಪಸು ಕೊಟ್ಟರು.

ಆಮೇಲೆ ನಾನು ಫೋನು ಮಾಡಲು ಶುರುಮಾಡಿದೆ. ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಸಾರ್, ನಿಮ್ಮ ಮೊದಲ ಸಂಬಳ ಯಾವ ಕೆಲಸಕ್ಕೆ ಬಂತು?’ ಕೆಲವರು ನಕ್ಕರು, ಕೆಲವರು ‘ಅದೆಲ್ಲ ಯಾಕೆ’ ಎಂದರು. ಉತ್ತರ ಕೊಡಲು ಹೊರಟವರು ಮಾತ್ರ ಬೇಗ ಫೋನು ಇಡುತ್ತಿರಲಿಲ್ಲ.

ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕೆಂದು ಹುಟ್ಟಿದವರು ನನ್ನ ತಲೆಮಾರಿನಲ್ಲಿ ಯಾರೂ ಇರಲಿಲ್ಲ. ಬೇರೆ ಯಾವುದೋ ಕಸುಬಿನಲ್ಲಿ ಇದ್ದವರನ್ನು, ‘ಇವನು ಹೇಳಿದ ದಿನಕ್ಕೆ ಮುಗಿಸುತ್ತಾನೆ’ ಎಂಬ ಒಂದೇ ಕಾರಣಕ್ಕೆ ಎಳೆದು ತಂದು ಆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಈ ಕಸುಬಿನ ಹಿರಿಯರ ಕಥೆಯೂ ಅದೇ. ಹೆನ್ರಿ ಗ್ಯಾಂಟ್ ಮೇಷ್ಟರಾಗಿದ್ದು, ಆಮೇಲೆ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಉಕ್ಕಿನ ಕಾರ್ಖಾನೆ ಸೇರಿದವರು. ವೇಳಾಪಟ್ಟಿ ಹಾಕುವ ಕ್ರಿಟಿಕಲ್ ಪಾತ್ ವಿಧಾನ 1957ರ ಸುಮಾರಿಗೆ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ ಹುಟ್ಟಿತು. ಅದೇ ಬಗೆಯ ಪರ್ಟ್ ಬಂದದ್ದು ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಯ ಕಚೇರಿಯಿಂದ. 1969ರಲ್ಲಿ ಅಟ್ಲಾಂಟಾದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಶುರುಮಾಡಿದವರ ಪೈಕಿ ಜಿಮ್ ಸ್ನೈಡರ್ ಔಷಧ ಕಂಪನಿಯವರು, ಎರಿಕ್ ಜೆನೆಟ್ ಕಟ್ಟಡ ನಿರ್ಮಾಣದವರು, ಗಾರ್ಡನ್ ಡೇವಿಸ್ ಪಾಠ ಹೇಳುವವರು. ಇವರಿಗೆಲ್ಲ ಒಂದೇ ಥರದ ಹಣೆಪಟ್ಟಿ ಅಂಟಿಸುವ ಪಿಎಂಪಿ ಪರೀಕ್ಷೆ ಬಂದದ್ದು 1984ರಲ್ಲಿ. ಅಷ್ಟು ಹೊತ್ತಿಗೆ ಗ್ಯಾಂಟ್ ಸತ್ತು ಅರವತ್ತು ವರ್ಷ ದಾಟಿತ್ತು. ಯಾವ ಕೆಲಸ ಯಾವಾಗ ಎಂದು ತೋರಿಸುವ ಅವರ ಪಟ್ಟಿ ಮಾತ್ರ ನಾನು ಕೆಲಸಕ್ಕಿದ್ದ ಪೀಣ್ಯದ ಕಾರ್ಖಾನೆಯ ಗೋಡೆಯ ಮೇಲೆ ಬಣ್ಣದ ಗೂಟಗಳ ರೂಪದಲ್ಲಿ ಇತ್ತು. ಅದಕ್ಕೆ ಗ್ಯಾಂಟ್ ಪಟ್ಟಿ ಎನ್ನುತ್ತಾರೆಂದು ನಮ್ಮ ಮೇಸ್ತ್ರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾವು ಕರೆಯುತ್ತಿದ್ದುದು ಲೋಡಿಂಗ್ ಬೋರ್ಡ್ ಎಂದು.

ಫೋನಿನಲ್ಲಿ ಕೇಳಿದ್ದನ್ನೂ ಆಮೇಲೆ ವೇದಿಕೆಯಲ್ಲಿ ಕೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾ ಬಂದ ಹಾಗೆ ನನಗೆ ಒಂದು ವಿಷಯ ಕಾಣತೊಡಗಿತು. ಭಾಷಣದ ತಲೆಬರಹ ಏನೇ ಇರಲಿ, ಮನುಷ್ಯ ಮೊದಲ ಸಲ ತಡಮಾಡಿ ಬೈಸಿಕೊಂಡ ಜಾಗ ಯಾವುದೋ, ಆತ ಕಾಲದ ಬಗ್ಗೆ ಆಡುವ ಮಾತೆಲ್ಲ ಅಲ್ಲಿಂದಲೇ ಬರುತ್ತದೆ. ತಡವಾದರೆ ನೀರು ನುಗ್ಗುವ ಕಡೆ ಕೆಲಸ ಕಲಿತವರು ಒಂದು ಜಾತಿ. ತಡವಾದರೆ ಒಂದು ಇಮೇಲು ಬರುವ ಕಡೆ ಕಲಿತವರು ಇನ್ನೊಂದು ಜಾತಿ. ಅವರಿಬ್ಬರ ಸ್ವವಿವರದಲ್ಲಿ ಒಂದೇ ಪದವಿ ಇರಬಹುದು, ಇಬ್ಬರೂ ಒಂದೇ ಮೇಜಿಗೆ ಕೂತು ಒಂದೇ ಬಿಸಿಬೇಳೆಬಾತ್ ಉಣ್ಣಬಹುದು. ಮಾತು ಮಾತ್ರ ಸೇರುವುದಿಲ್ಲ.

ನನಗೆ ಚೆನ್ನಾಗಿ ನೆನಪಿರುವವರು ಕೊಂಕಣ ರೈಲ್ವೆಯಲ್ಲಿ ದುಡಿದಿದ್ದ ಒಬ್ಬ ಸಿವಿಲ್ ಎಂಜಿನಿಯರ್. ಅವರ ಕಚೇರಿ ಕಳಿಸಿದ್ದ ಸ್ವವಿವರದಲ್ಲಿ ‘ಬೃಹತ್ ಮೂಲಸೌಕರ್ಯ ಯೋಜನೆಗಳ ತಜ್ಞ’ ಎಂದಿತ್ತು. ಫೋನಿನಲ್ಲಿ ಮಾತಿಗೆ ಮಾತು ಬಂದು ನಾನು ಹೊನ್ನಾವರದ ಕಡೆಯವಳು ಅಂದೆ. ‘ಹೌದಾ? ಹಾಗಾದ್ರೆ ನಿಮ್ಮೂರ ಕೆಸರು ನಂಗೆ ಗೊತ್ತು’ ಅಂದರು. ಆಮೇಲೆ ಅವರನ್ನು ತಡೆಯಲಾಗಲಿಲ್ಲ. ನಮ್ಮ ಕಡೆ ಆ ವರ್ಷಗಳಲ್ಲಿ ಸರ್ವೆಯವರು, ಎಂಜಿನಿಯರುಗಳು ಸಿಕ್ಕಸಿಕ್ಕ ಮನೆಗಳಲ್ಲಿ ಬಾಡಿಗೆಗೆ ಇದ್ದರು. ನನ್ನ ಅತ್ತೆಯ ಮನೆಯ ಕೊಟ್ಟಿಗೆ ಪಕ್ಕದ ಕೋಣೆಯಲ್ಲೂ ಇಬ್ಬರಿದ್ದರು. ಅವರಿಗೆ ಬೆಳಗಿನ ಗಂಜಿ ಅತ್ತೆಯೇ ಬಡಿಸುತ್ತಿದ್ದರು. ‘ರೈಲು ಬಪ್ಪುದು ಹೌದೋ ಅಲ್ದೋ ಗೊತ್ತಿಲ್ಲೆ, ಪಾಪ, ಹುಡುಗರು ಬಡಕಲಾಗಿ ಹೋಯ್ದ’ ಎಂದು ನಮ್ಮ ಮನೆಗೆ ಬಂದಾಗ ಹೇಳುತ್ತಿದ್ದರು. ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಏಳುವುದನ್ನು ನಾನು ರಜೆಗೆ ಹೋದಾಗಲೆಲ್ಲ ನೋಡಿದ್ದೆ. ಅದನ್ನು ಕಟ್ಟುವವರಿಗೂ ಒಂದು ವೇಳಾಪಟ್ಟಿ ಇರುತ್ತದೆ, ಅದರ ಎದುರು ಕೂತು ಯಾರೋ ತಲೆ ಕೆರೆದುಕೊಳ್ಳುತ್ತಿರುತ್ತಾರೆ ಎಂದು ಆಗ ಹೊಳೆದಿರಲಿಲ್ಲ.

ಆ ವೇಳಾಪಟ್ಟಿಯ ಕಥೆಯನ್ನು ಅವರು ಹೇಳಿದ್ದು ಹೀಗೆ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಆದಾಗ ಅದರ ಮುಖ್ಯಸ್ಥರಾಗಿ ಬಂದವರು ಇ. ಶ್ರೀಧರನ್. ಅವರ ಕೀರ್ತಿ ಅವರಿಗಿಂತ ಮುಂಚೆಯೇ ಬಂದು ತಲುಪಿತ್ತು. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು ಆರು ತಿಂಗಳ ಬದಲು 46 ದಿನಗಳಲ್ಲಿ ನಿಲ್ಲಿಸಿದವರು ಎಂದು ಕೂಲಿಯವರಿಗೂ ಗೊತ್ತಿತ್ತಂತೆ. ಅವರು ಕಚೇರಿಗಳಲ್ಲಿ ಹಿಂದಕ್ಕೆ ಎಣಿಸುವ ಗಡಿಯಾರ ಹಾಕಿಸಿದರು. ಗುರಿಗೆ ಇನ್ನೆಷ್ಟು ದಿನ ಉಳಿದಿದೆ ಎಂಬ ಒಂದೇ ಸಂಖ್ಯೆ, ಬೆಳಗ್ಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ. ‘ದಕ್ಷಿಣದ ಕಡೆ ನಾವು ಜೋರಾಗಿದ್ವಿ. ಮಂಗಳೂರು ಉಡುಪಿ ಮಧ್ಯೆ 1993ರಲ್ಲೇ ಗಾಡಿ ಓಡಿತು. ಗೋವಾದ ಪೆಡ್ಣೆ ಸುರಂಗ ಇದೆಯಲ್ಲ, ಅದು ನಮ್ಮ ಗರ್ವ ಇಳಿಸಿತು’ ಅಂದರು. ಸಹ್ಯಾದ್ರಿಯ ಗಟ್ಟಿ ಬಂಡೆಯಾದರೆ ಸಿಡಿಮದ್ದು ಇಟ್ಟು ಒಡೆಯಬಹುದು, ಯಂತ್ರ ನುಗ್ಗಿಸಬಹುದು. ಪೆಡ್ಣೆಯಲ್ಲಿ ಇದ್ದುದು ನೀರು ಕುಡಿದ ಮೆತ್ತನೆ ಮಣ್ಣು. ಯಂತ್ರ ಹೂಡಿದರೆ ಮೇಲಿನದು ಕುಸಿಯುತ್ತದೆ. ಕೈಯಿಂದ ಸ್ವಲ್ಪ ಸ್ವಲ್ಪವೇ ತೋಡಬೇಕು, ತೋಡಿದಷ್ಟಕ್ಕೆ ಆಸರೆ ಕೊಡಬೇಕು. ಹಾಗೆ ಮಾಡಿದರೂ ಮತ್ತೆಮತ್ತೆ ಕುಸಿಯಿತು. ‘ಬೋರ್ಡಿನ ಮೇಲೆ ದಿನಾನೂ ಇಳೀತಿತ್ತು, ಸುರಂಗದಲ್ಲಿ ಮಣ್ಣೂ ಇಳೀತಿತ್ತು’ ಎಂದು ಅವರು ನಕ್ಕಿದ್ದು ಫೋನಿನಲ್ಲೂ ಕೇಳಿಸಿತು. ಐದು ವರ್ಷದ ಗುರಿ ಇಟ್ಟುಕೊಂಡಿದ್ದ ಹಾದಿ, ಪೂರ್ತಿಯಾಗಿ ದೇಶಕ್ಕೆ ಅರ್ಪಣೆಯಾದದ್ದು 1998ರ ಜನವರಿ 26ರಂದು.

ಇದನ್ನೆಲ್ಲ ಪರಿಚಯದಲ್ಲಿ ಹಾಕಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರಶಸ್ತಿಗಳ ಪಟ್ಟಿ ತೆಗೀರಿ. ಮೆತ್ತನೆ ಮಣ್ಣಿನಲ್ಲಿ ಸುರಂಗ ತೋಡಿದ ತಂಡದಲ್ಲಿದ್ದರು ಅಂತ ಒಂದು ಸಾಲು ಹಾಕಿ, ಸಾಕು’ ಅಂದರು. ಹಾಕಿದೆ. ಸಮಿತಿಯಲ್ಲಿ ಒಬ್ಬರು ಅದನ್ನು ‘ಸವಾಲಿನ ಭೂಗರ್ಭ ಪರಿಸ್ಥಿತಿಗಳು’ ಎಂದು ತಿದ್ದಿದರು. ಅಚ್ಚಿಗೆ ಹೋಗುವ ಮುಂಚೆ ನಾನು ಮಣ್ಣನ್ನೇ ವಾಪಸು ತಂದೆ.

ಅದೇ ಸಮ್ಮೇಳನದಲ್ಲಿ ಅಂತರಿಕ್ಷ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದರು. ಅವರ ಮೊದಲ ಸಂಬಳ ಪೀಣ್ಯದ ಶೆಡ್ಡುಗಳಲ್ಲಿ, ಆರ್ಯಭಟ ಉಪಗ್ರಹಕ್ಕೆ. ನಾನು ಕೆಲಸ ಮಾಡಿದ ಕಾರ್ಖಾನೆಯಿಂದ ಬಹಳ ದೂರವಲ್ಲದ ಜಾಗ. ಲೇತು, ಮಿಲ್ಲಿಂಗ್ ಮೆಷಿನ್ನುಗಳ ಸದ್ದಿನ ನಡುವೆ ಅದಮಾರಿನ ಯು. ಆರ್. ರಾವ್ ಒಂದು ಉಪಗ್ರಹ ಕಟ್ಟಿಸುತ್ತಿದ್ದರು ಎಂಬುದನ್ನು ನೆನೆದರೆ ಪೀಣ್ಯದ ದೂಳಿಗೂ ಒಂದು ಗತ್ತು ಬರುತ್ತದೆ. ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆದದ್ದು 1972ರಲ್ಲಿ, ಆರ್ಯಭಟ ಹಾರಿದ್ದು 1975ರ ಏಪ್ರಿಲ್ 19ರಂದು. ಜಾಗ ಸಾಲದೆ ಶೌಚಾಲಯವೊಂದನ್ನೇ ದತ್ತಾಂಶ ಪಡೆಯುವ ಕೋಣೆ ಮಾಡಿಕೊಂಡಿದ್ದನ್ನು ರಾವ್ ಅವರೇ ಮುಂದೆ ಹೇಳಿಕೊಂಡಿದ್ದರು. ನಮ್ಮ ಹಿರಿಯರು ಅದನ್ನು ನಕಲು ಅಭಿನಯದ ಸಮೇತ ಹೇಳಿದರು, ಸಭೆ ಬಿದ್ದು ಬಿದ್ದು ನಕ್ಕಿತು.

ಅವರನ್ನು ಕರೆದದ್ದು ಮಂಗಳಯಾನದ ಬಗ್ಗೆ ಮಾತಾಡಲು. ಅದು ಅವರ ಶಿಷ್ಯರ ಕಾಲದ ಯೋಜನೆ. 2012ರ ಆಗಸ್ಟಿನಲ್ಲಿ ಸರ್ಕಾರದ ಒಪ್ಪಿಗೆ, 2013ರ ನವೆಂಬರ್ 5ಕ್ಕೆ ಉಡಾವಣೆ, 450 ಕೋಟಿ ರೂಪಾಯಿ. ಈ ಅಂಕಿಗಳು ಸಭೆಗೆ ಬಾಯಿಪಾಠ. ಖರ್ಚು ಹೇಗೆ ಉಳಿಸಿದರು ಎಂದು ಕೇಳಲು ಎಲ್ಲರೂ ಕಾದು ಕೂತಿದ್ದರು. ಅವರು ಖರ್ಚಿನ ಸುದ್ದಿಗೇ ಹೋಗಲಿಲ್ಲ. ಭೂಮಿ, ಮಂಗಳ ಎರಡೂ ಕಡಿಮೆ ಇಂಧನದಲ್ಲಿ ಹೋಗಲು ತಕ್ಕ ಜಾಗಕ್ಕೆ ಬರುವುದು ಸುಮಾರು 26 ತಿಂಗಳಿಗೆ ಒಮ್ಮೆ. 2013 ತಪ್ಪಿದರೆ 2016. ‘ನಿಮ್ಮಲ್ಲಿ ಯಾರಾದ್ರೂ ಕಸ್ಟಮರ್ ಹತ್ರ ಹೋಗಿ ಎರಡು ವಾರ ಕೊಡಿ ಸಾರ್ ಅಂತ ಕೇಳಿದೀರಾ? ನಮ್ಮ ಕಸ್ಟಮರ್ ಮಂಗಳ. ಯಾರ ಹತ್ರ ಕೇಳೋದು?’ ಎಂದರು. ಇನ್ನೊಂದು ಸಂಗತಿಯನ್ನೂ ಬಿಡಿಸಿ ಹೇಳಿದರು. ಉಡಾವಣೆ ಮೊದಲು ಅಕ್ಟೋಬರ್ 28ಕ್ಕೆ ಇತ್ತು. ರಾಕೆಟ್ಟಿನ ಹಾದಿಯನ್ನು ಪೆಸಿಫಿಕ್ ಸಾಗರದಿಂದ ಗಮನಿಸಬೇಕಿದ್ದ ಹಡಗು ಕೆಟ್ಟ ಹವೆಯಿಂದಾಗಿ ಹೇಳಿದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಹಾಗಾಗಿ ನವೆಂಬರಿಗೆ ಹೋಯಿತು. ಅವಕಾಶದ ಬಾಗಿಲು ನವೆಂಬರ್ 19ರವರೆಗೆ ತೆರೆದಿದ್ದರಿಂದ ಬಚಾವು. ಅಂದರೆ ಆಕಾಶ ಕೊಟ್ಟ ಮೂರು ವಾರಗಳಲ್ಲಿ ಮೊದಲ ದಿನಕ್ಕೇ ಯೋಜನೆ ಹಾಕಿದ್ದರು, ಕೊನೆಯ ದಿನಕ್ಕಲ್ಲ. ನಾನು ಕೇಳಿದ ಎಷ್ಟೋ ಸ್ಲೈಡುಗಳ ಭಾಷಣಗಳಿಗಿಂತ ಆ ಹಡಗಿನ ಕಥೆ ಹೆಚ್ಚು ಕಲಿಸಿತು.

(ಅಂತರಿಕ್ಷದವರು ವೇದಿಕೆಗೆ ಬಂದರೆ 1979ರ ಎಸ್‌ಎಲ್‌ವಿ-3 ರಾಕೆಟ್ ವಿಫಲವಾದಾಗ ಇಸ್ರೋ ಮುಖ್ಯಸ್ಥ ಸತೀಶ್ ಧವನ್ ತಾವೇ ಪತ್ರಕರ್ತರ ಎದುರು ನಿಂತು, ಮರುವರ್ಷ ಗೆದ್ದಾಗ ಕಲಾಂ ಅವರನ್ನು ಮುಂದೆ ಕಳಿಸಿದ ಕಥೆ ಬಂದೇ ಬರುತ್ತದೆ. ನಿಜವೂ ಹೌದು, ಒಳ್ಳೆಯದೂ ಹೌದು. ಆದರೆ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದವರಲ್ಲಿ ಎಷ್ಟು ಮಂದಿ ತಮ್ಮ ಕಚೇರಿಯಲ್ಲಿ ಧವನ್ ಆಗಿದ್ದರೋ! ಪರಿಚಯ ಬರೆಯುವವಳಿಗೆ ಅವರ ಕೈಕೆಳಗಿನವರೂ ಫೋನಿನಲ್ಲಿ ಸಿಗುತ್ತಾರೆ.)

ಮಧ್ಯಾಹ್ನ ಒಂದು ಚರ್ಚಾಗೋಷ್ಠಿ ಇತ್ತು. ರೈಲ್ವೆ ಎಂಜಿನಿಯರ್, ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಪಳಗಿದ ನಿವೃತ್ತ ಕರ್ನಲ್ ಒಬ್ಬರು, ಒಂದು ಸಾಫ್ಟ್‌ವೇರ್ ಕಂಪನಿಯ ಡೆಲಿವರಿ ಮುಖ್ಯಸ್ಥರು. ನಡೆಸಿಕೊಡುವವರು ಕೈಪಿಡಿಯ ಪರಿಚಯ ಓದಿ, ಮೂವರೂ ‘ವಿಶ್ವದರ್ಜೆಯ ನಾಯಕರು’ ಎಂದು ಒಂದೇ ಗಂಟು ಕಟ್ಟಿ, ಪ್ರಶ್ನೆ ಹಾಕಿದರು: ಕೆಲಸ ಹಿಂದೆ ಬಿದ್ದಾಗ ಜನ ಸೇರಿಸುತ್ತೀರಾ?

ಕರ್ನಲ್ ಸಾಹೇಬರು ತಡಮಾಡಲಿಲ್ಲ. ಬೈಲಿ ಸೇತುವೆಯ ಒಂದು ಪ್ಯಾನೆಲ್ ಎತ್ತಲು ಆರು ಜನ ಬೇಕು. ಐದು ಜನರಿಗೆ ಅದು ಏಳುವುದಿಲ್ಲ, ಹತ್ತು ಜನಕ್ಕೆ ಹಿಡಿಯಲು ಜಾಗವಿಲ್ಲ. ಅಷ್ಟು ಹೇಳಿ ಮೈಕು ಪಕ್ಕಕ್ಕೆ ಕೊಟ್ಟರು. ಅವರ ಮಾತು ಯಾವಾಗಲೂ ಅಷ್ಟೇ ಉದ್ದ. ಸಾಫ್ಟ್‌ವೇರಿನವರು ಫ್ರೆಡ್ ಬ್ರೂಕ್ಸ್ ಹೆಸರೆತ್ತಿದರು. ಐಬಿಎಂನ ಓಎಸ್/360 ಕಟ್ಟಿಸಿದ ಆ ಮಹಾನುಭಾವ 1975ರ ತನ್ನ ಪುಸ್ತಕದಲ್ಲಿ, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಬರೆದದ್ದನ್ನು ವಿವರಿಸಿದರು. ಹೊಸಬರಿಗೆ ಹಳಬರೇ ಕಲಿಸಬೇಕು, ಕಲಿಸುತ್ತಾ ಕೂತರೆ ಹಳಬರ ಕೆಲಸವೂ ನಿಲ್ಲುತ್ತದೆ. ಸಭೆ ತಲೆದೂಗಿತು. ರೈಲ್ವೆಯವರು ಮಾತ್ರ ಒಪ್ಪಲಿಲ್ಲ. ‘ಸುರಂಗದ ಬಾಯಲ್ಲಿ ನೀವು ಹೇಳಿದ್ದು ಸರಿ. ಅಲ್ಲಿ ನಿಲ್ಲೋಕೆ ಜಾಗ ಇರೋದು ಕೆಲವರಿಗೆ ಮಾತ್ರ. ಮಣ್ಣಿನ ಏರಿ ಹಾಕೋ ಕಡೆ ಹಾಗಲ್ಲ. ಮಳೆ ಜೂನಿಗೆ ಬರುತ್ತೆ, ಮೇ ತಿಂಗಳಲ್ಲಿ ಎಷ್ಟು ಜನ ಸಿಕ್ತಾರೋ ಅಷ್ಟೂ ಜನ ಬೇಕು. ಅಲ್ಲಿ ಜನ ಸೇರಿಸದೆ ಪುಸ್ತಕ ಓದ್ತಾ ಕೂತ್ರೆ ಏರಿ ಸಮುದ್ರಕ್ಕೆ ಹೋಗುತ್ತೆ’ ಎಂದರು. ಡೆಲಿವರಿ ಮುಖ್ಯಸ್ಥರು ನಕ್ಕು, ‘ಸಾರ್, ನಿಮಗೆ ಮಳೆಗಾಲ, ಅವರಿಗೆ ಗ್ರಹಗತಿ. ನಮ್ಮ ಡೇಟ್ ಫಿಕ್ಸ್ ಮಾಡೋದು ಸೇಲ್ಸ್‌ನವರು’ ಎಂದಾಗ ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿತ್ತು. ಸಭೆಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅವರ ಕಸುಬಿನವರೇ.

ಆ ಮನುಷ್ಯನೂ ಬರೀ ಮಾತಿನ ಮಲ್ಲ ಅಲ್ಲ. ಅವರು ಕೋಬಾಲ್ ಬರೆಯುತ್ತಾ ಶುರುಮಾಡಿದವರು, ವೈಟೂಕೆ ಕಾಲದಲ್ಲಿ ರಾತ್ರಿ ಹಗಲೆನ್ನದೆ ಹಳೇ ಪ್ರೋಗ್ರಾಮುಗಳನ್ನು ಜಾಲಾಡಿದವರು. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಲಕ್ಷಗಟ್ಟಲೆ ಸಾಲುಗಳನ್ನು 1999ರ ಡಿಸೆಂಬರ್ 31ರೊಳಗೆ ಸರಿಮಾಡಬೇಕಿತ್ತು. ‘ನನ್ನ ಸರ್ವಿಸ್ಸಿನಲ್ಲಿ ಕಸ್ಟಮರೂ ಮುಂದಕ್ಕೆ ಹಾಕಲಾಗದ ದಿನಾಂಕ ಅದೊಂದೇ ಮೇಡಂ. ಅದರಲ್ಲಿ ಕೆಲಸ ಕಲಿತವರನ್ನು ಇಂಟರ್‌ವ್ಯೂನಲ್ಲೇ ಗುರುತು ಹಿಡೀತೀನಿ, ಆಮೇಲೆ ಬಂದೋರು ಬೇರೆ’ ಅಂದಿದ್ದರು ಫೋನಿನಲ್ಲಿ. ಸ್ವವಿವರದಲ್ಲಿ ವೈಟೂಕೆ ಇರಲಿಲ್ಲ. ಹಳೇ ಕಾಲದವನು ಅಂದುಕೊಳ್ಳುತ್ತಾರೆ ಎಂದು ತೆಗೆಸಿದ್ದರಂತೆ.

ಗೋಷ್ಠಿ ಮುಗಿಯುವ ಹೊತ್ತಿಗೆ ಸಭೆಯಿಂದ ಎದ್ದು ನಿಂತ ಔಷಧ ಕಂಪನಿಯ ಮಹಿಳೆಯೊಬ್ಬರು, ಮರುದಿನದ ಭಾಷಣಕಾರರು, ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿದರು. ಅವರ ಮೊದಲ ಕೆಲಸ ಮಾತ್ರೆಗಳ ಬಾಳಿಕೆ ಪರೀಕ್ಷೆ. ಮಾತ್ರೆಗಳನ್ನು 40 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಶೇಕಡಾ 75 ತೇವಾಂಶದಲ್ಲಿ ಆರು ತಿಂಗಳು ಇಡಬೇಕು. ತ್ವರಿತ ಪರೀಕ್ಷೆ ಎನ್ನುವುದೇ ಅದಕ್ಕೆ! ಸಾಮಾನ್ಯ ಹವೆಯಲ್ಲಿ ಇಡುವ ಪರೀಕ್ಷೆ ಒಂದು ವರ್ಷವನ್ನೂ ದಾಟುತ್ತದೆ. ಪೆಟ್ಟಿಗೆಯ ಮುಂದೆ ನೂರು ಜನ ನಿಂತರೂ ಆರು ತಿಂಗಳು ಆರೇ ತಿಂಗಳು. ‘ನೀವೆಲ್ಲ ತಡವಾದರೆ ಉತ್ತರ ಹೇಳ್ತೀರಿ. ನಾನು ಬೇಗ ಮುಗಿಸಿದರೆ ಉತ್ತರ ಹೇಳಬೇಕು. ಆಡಿಟ್‌ಗೆ ಬಂದವರು ಮೊದಲು ಅನುಮಾನಪಡೋದು ಬೇಗ ಮುಗಿದದ್ದನ್ನೇ’ ಎಂದು ಕೂತರು. ವೇದಿಕೆಯ ಮೇಲಿನ ಮೂವರೂ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನ ಪ್ರಕಾರ ಅದೇ ಆ ಗೋಷ್ಠಿಯ ಸಾರ್ಥಕ ಕ್ಷಣ. ಕೈಪಿಡಿಯಲ್ಲಿ ಅವರೆಲ್ಲರಿಗೂ ನಾನು ಒಂದೇ ಅಳತೆಯ ಅರ್ಧ ಪುಟ ಕೊಟ್ಟಿದ್ದೆ.

ಇನ್ನೊಂದು ವರ್ಷ ಮುಂಬಯಿಯ ಡಬ್ಬಾವಾಲಾಗಳ ಕಡೆಯಿಂದ ಒಬ್ಬರು ಬಂದಿದ್ದರು. ಆಗ ಅವರಿಗೆ ಮ್ಯಾನೇಜ್‌ಮೆಂಟ್ ಸಭೆಗಳಲ್ಲಿ ಭಾರೀ ಬೇಡಿಕೆ. 2003ರಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಬಂದು ನೋಡಿ ಹೋದ ಮೇಲೆ ಕೇಳಬೇಕೆ! ಸ್ವವಿವರ ಕಳಿಸಿ ಎಂದರೆ ಬಂದದ್ದು ಹೆಸರು ಮತ್ತು ಒಂದು ಮೊಬೈಲ್ ನಂಬರು. ಅವರ ಪರಿಚಯದಲ್ಲಿ ‘ಸಿಕ್ಸ್ ಸಿಗ್ಮಾ ಪ್ರಮಾಣಪತ್ರ ಪಡೆದ’ ಎಂದು ಸೇರಿಸಲು ಸಮಿತಿಯ ಒತ್ತಾಯ. ಪತ್ರಿಕೆಯೊಂದರ ಲೇಖನದಿಂದ ಹುಟ್ಟಿ ಹಬ್ಬಿದ್ದ ಮಾತು ಅದು. ಅಂಥ ಪ್ರಮಾಣಪತ್ರ ಅವರಿಗೆ ಯಾರೂ ಕೊಟ್ಟಿರಲಿಲ್ಲ. ನಾನು ಬರೆಯಲಿಲ್ಲ. ಅವರು ವೇದಿಕೆಯಲ್ಲಿ ಹಿಂದಿಯಲ್ಲಿ ಮಾತಾಡಿದ್ದು ಡಬ್ಬಿಯ ಮೇಲಿನ ಬಣ್ಣದ ಗುರುತುಗಳ ಬಗ್ಗೆ, ಲೋಕಲ್ ರೈಲು ನಿಲ್ಲುವ ಅರೆ ನಿಮಿಷದಲ್ಲಿ ಅಷ್ಟೂ ಡಬ್ಬಿ ಹತ್ತಿಸುವುದರ ಬಗ್ಗೆ. ರಿಸ್ಕ್ ಮ್ಯಾನೇಜ್‌ಮೆಂಟ್ ಹೇಗೆ ಮಾಡುತ್ತೀರಿ ಎಂದು ಯಾರೋ ಕೇಳಿದರು. ಅದನ್ನು ಹಿಂದಿಗೆ ತಿರುಗಿಸಿ ಹೇಳುವಷ್ಟರಲ್ಲಿ ಊಟದ ಹೊತ್ತಾಯಿತು.

ಇಷ್ಟು ಹೇಳಿ ನನ್ನ ಮೊದಲ ಸಂಬಳದ ಸುದ್ದಿ ಹೇಳದಿದ್ದರೆ ಚೆಂದವಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಶಾಪ್ ಫ್ಲೋರಿಗೆ ಹೋಗಬೇಕೆಂದು ಆಸೆ. 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ಆಗ ಹೆಂಗಸರನ್ನು ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ. ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು ಮಾಡಲಾಗದವಳನ್ನು ಶಾಪಿನಲ್ಲಿ ಇಟ್ಟುಕೊಂಡು ಏನು ಮಾಡುವುದು? ಹಾಗಾಗಿ ಪ್ಲಾನಿಂಗ್ ವಿಭಾಗ. ಬೆಳಗಾವಿಯಿಂದ ಬರಬೇಕಾದ ಎರಕ ಬರಲಿಲ್ಲ ಎಂದರೆ ಬೋರ್ಡಿನ ಗೂಟ ಸರಿಸುವುದು, ಹೀಟ್ ಟ್ರೀಟ್‌ಮೆಂಟಿಗೆ ಹೋದ ಗೇರುಗಳು ಬಾಗಿ ಬಂದವು ಎಂದರೆ ಮತ್ತೆ ಸರಿಸುವುದು, ರೂಟ್ ಕಾರ್ಡು ಹಿಡಿದು ಮೇಸ್ತ್ರಿಗಳ ಹಿಂದೆ ಓಡಾಡುವುದು. ನಮ್ಮ ಕಾಲದ ಎಷ್ಟೋ ಹುಡುಗಿಯರು ಈ ಕಸುಬಿಗೆ ಬಂದದ್ದು ಅದೇ ಹಿಂಬಾಗಿಲಿನಿಂದ. ಮಣ್ಣು, ಕಬ್ಬಿಣ, ರಾತ್ರಿಪಾಳಿ ಗಂಡಸರಿಗೆ, ಕಾಗದ ನಮಗೆ.

ಹಾಗಾಗಿಯೇ, ಈಚಿನ ವರ್ಷಗಳಲ್ಲಿ ಬರತೊಡಗಿದ ಹೊಸ ಬಗೆಯ ಸ್ವವಿವರಗಳನ್ನು ನೋಡಿ ಸಮಿತಿಯ ಹಳಬರು ಮೂಗು ಮುರಿದಾಗ ನಾನು ಪೂರ್ತಿ ದನಿಗೂಡಿಸಲಿಲ್ಲ. ಅವನ್ನು ಕಳಿಸಿದವರು ಓದು ಮುಗಿಸಿದ್ದೇ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿಗೆ ಬಂದವರು. ಅದಕ್ಕೆ ಮುಂಚೆ ಬೇರೆ ಕಸುಬಿಲ್ಲ. ಇಂಥವರ ಭಾಷಣ ನುಣುಪಾಗಿರುತ್ತದೆ, ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಸ್ಲೈಡಿನಲ್ಲಿ ಬಾಣಗಳು ಸುಂದರವಾಗಿ ಸುತ್ತುತ್ತವೆ. ಎದುರು ತಿರುಗಿ ನಿಂತ ಮಣ್ಣು, ಬಾಗಿದ ಗೇರು, ತಡವಾದ ಹಡಗು ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದು ದೊಡ್ಡ ಕೊರತೆಯೇ, ನನಗೆ ಸಂಶಯವಿಲ್ಲ. ಆದರೆ ಸೈಟಿಗೆ, ಶಾಪಿಗೆ ಬಿಟ್ಟುಕೊಳ್ಳದ ಮನೆಗಳಿಂದ ಬಂದ ಹುಡುಗಿಯರಿಗೆ ಪರೀಕ್ಷೆ ಬರೆದು ಪಡೆಯಬಹುದಾದ ಒಂದು ಚೀಟಿ ಎಷ್ಟು ದೊಡ್ಡದು ಎಂಬುದೂ ನನಗೆ ಗೊತ್ತಿತ್ತು. ರೈಲ್ವೆ ಎಂಜಿನಿಯರರ ಕಥೆ ಎಷ್ಟೇ ಸೊಗಸಾಗಿರಲಿ, ಆ ಬಾಡಿಗೆ ಕೋಣೆಗಳಲ್ಲಿ ಗಂಜಿ ಉಂಡವರಲ್ಲಿ ಒಬ್ಬಳು ಹುಡುಗಿ ಇದ್ದಳೇ ಎಂದು ನಾನು ಕೇಳಿದ್ದೆ. ಅವರ ನೆನಪಿನಲ್ಲಿ ಯಾರೂ ಇರಲಿಲ್ಲ.

ನಾನು ಈ ಕೆಲಸ ಬಿಟ್ಟುಕೊಡುವ ಮುಂಚಿನ ಸಮ್ಮೇಳನಕ್ಕೆ ಅಂಥ ಒಬ್ಬ ಹೊಸ ತಲೆಮಾರಿನ ಭಾಷಣಕಾರ್ತಿ ಇದ್ದಳು. ದಾವಣಗೆರೆ ಹುಡುಗಿ. ಸ್ವವಿವರದಲ್ಲಿ ಎಂಬಿಎ, ಪಿಎಂಪಿ, ಸ್ಕ್ರಮ್ ಮಾಸ್ಟರ್. ವಿಷಯ, ‘ಅನಿಶ್ಚಿತತೆಯ ನಡುವೆ ಆದ್ಯತೆ’. ಮೊದಲ ಸಂಬಳ ಕೇಳಿದೆ. ಯಾವುದೋ ಕಂಪನಿಯ ಹೆಸರು ಹೇಳಿದಳು. ಅದಕ್ಕೂ ಮುಂಚೆ? ‘ಅದಕ್ಕೂ ಮುಂಚೆ ಸಂಬಳ ಅಂತೇನಿಲ್ರಿ ಮೇಡಂ, ಅಪ್ಪಾಜೀದು ಶಾಮಿಯಾನ ಬಿಸಿನೆಸ್ ಇತ್ತು. ಮದ್ವಿ ಸೀಸನ್ನಾಗ ನಾನೂ ಹೋಗ್ತಿದ್ದೆ’ ಅಂದಳು. ಏನು ಮಾಡುತ್ತಿದ್ದೆ ಎಂದರೆ ಮೆಲ್ಲಗೆ ಒಂದೊಂದೇ ಹೊರಬಂತು. ಒಂದೇ ದಿನ ಐದು ಕಡೆ ಮದುವೆ ಇದ್ದರೆ ಯಾವ ಗಾಡಿಗೆ ಎಷ್ಟು ಕುರ್ಚಿ, ಎಷ್ಟು ಗಳ, ಎಷ್ಟು ಹಗ್ಗ, ಜನರೇಟರ್ ಎಲ್ಲಿಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹುಡುಗರನ್ನು ಕಳಿಸುತ್ತಿದ್ದವಳು ಇವಳೇ. ಆಗಿನ್ನೂ ಪಿಯುಸಿ.

‘ಇದನ್ನು ಪರಿಚಯದಲ್ಲಿ ಹಾಕ್ತೀನಿ’ ಅಂದೆ.

‘ಬ್ಯಾಡ್ರಿ ಮೇಡಂ! ಹಾಕಲೇಬೇಕು ಅಂದ್ರ ಇವೆಂಟ್ ಲಾಜಿಸ್ಟಿಕ್ಸ್ ಅಂತ ಹಾಕ್ರಿ.’

ಕೈಪಿಡಿಯಲ್ಲಿ ಅವಳ ಮಾತಿನಂತೆ ಇವೆಂಟ್ ಲಾಜಿಸ್ಟಿಕ್ಸ್ ಎಂದೇ ಅಚ್ಚಾಯಿತು. ವೇದಿಕೆಗೆ ಕರೆಯುವ ಮುಂಚೆ ಪಕ್ಕಕ್ಕೆ ಹೋಗಿ ಇನ್ನೊಮ್ಮೆ ಕೇಳಿದೆ. ನನ್ನ ಮುಖ ನೋಡಿ, ‘ಆತು ಬಿಡ್ರಿ, ಹೇಳ್ರಿ’ ಎಂದಳು. ಹೇಳಿದೆ. ಹಿಂದಿನ ಸಾಲುಗಳಲ್ಲಿ ನಗು. ಅವಳು ಕೆಂಪಾಗಿ, ಒಂದು ಸ್ಲೈಡು ದಾಟಿಸಿ, ಎರಡು ಸ್ಲೈಡು ದಾಟಿಸಿ, ಬಾಣಗಳ ಭಾಷಣ ಹೊತ್ತಿಗೆ ಸರಿಯಾಗಿ ಮುಗಿಸಿದಳು. ಪ್ರಶ್ನೆಗಳ ಸಮಯ ಬಂತು. ಅನಿಶ್ಚಿತತೆಯ ಬಗ್ಗೆ ಯಾರೂ ಕೇಳಲಿಲ್ಲ. ಮುಂದಿನ ಸಾಲಿನಿಂದ ಎದ್ದ ಒಬ್ಬ ಹಿರಿಯರು ಕೇಳಿದರು: ‘ಮುಹೂರ್ತಕ್ಕೆ ಅರ್ಧ ಗಂಟೆ ಇದೆ, ಮಳೆ ಶುರುವಾಯ್ತು, ನಿಮ್ಮ ಹತ್ರ ಒಂದೇ ಟಾರ್ಪಾಲಿದೆ. ಏನ್ ಮಾಡ್ತೀರಿ?’

ಅವಳು ಕ್ಲಿಕ್ಕರನ್ನು ಮೇಜಿನ ಮೇಲಿಟ್ಟಳು. ‘ಅಡಿಗಿ ಒಲಿ ಮ್ಯಾಲೆ ಹಾಕ್ತೀವ್ರಿ ಸರ. ಮದುಮಕ್ಕಳಿಗೆ ಛತ್ರಿ ಹಿಡಿಯಾಕ ನೂರು ಮಂದಿ ಬರ್ತಾರ, ಒಲಿಗೆ ಯಾರೂ ಹಿಡಿಯಂಗಿಲ್ಲ.’

ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಗಳ ಮುರಿದರೆ ಏನು, ಎರಡು ಮನೆಯವರೂ ಒಂದೇ ಜನರೇಟರ್ ಕೇಳಿದರೆ ಯಾರಿಗೆ, ಬಾಡಿಗೆ ಹಣ ಮದುವೆಗೆ ಮುಂಚೆಯೋ ಆಮೇಲೋ. ಸಮಯ ನೋಡುವವರು ಗಂಟೆ ಬಾರಿಸುತ್ತಲೇ ಇದ್ದರು. ‘ಮುಂಚೆ ರೀ’ ಎಂದಳು ಅವಳು, ‘ಮದ್ವಿ ಆದ ಮ್ಯಾಲೆ ಬೀಗರು ಫೋನ್ ಎತ್ತಂಗಿಲ್ಲ.’